ಪಾರ್ಕ್ ಪಕ್ಕದಲ್ಲೇ ಇದೆ, ಆದರೆ ಮನೆಯಲ್ಲಿ ಅಲ್ಲಿಗೆ ಹೋಗುವವರು ಯಾರು?



"ನಮ್ಮ ಮನೆಯಿಂದ ಪಾರ್ಕಿಗೆ ಎರಡೇ ನಿಮಿಷ" ಎಂದು ಊರಿನವರಿಗೆ ಹೇಳುವಾಗ ನಮಗೆಲ್ಲ ಒಂದು ಹೆಮ್ಮೆ. ಮುಂಬೈ, ಪುಣೆ, ಚೆನ್ನೈಯಂಥ ನಗರಗಳಲ್ಲಿ ಕಿಟಕಿ ತೆರೆದರೆ ಮರ ಕಾಣುವ ಮನೆ ಸಿಗುವುದೇ ಕಷ್ಟ. ಸಿಕ್ಕರೂ ಬಾಡಿಗೆ ಜಾಸ್ತಿ. ಮಕ್ಕಳಿಗೆ, ವಯಸ್ಸಾದವರಿಗೆ ಒಳ್ಳೆಯದು ಎಂದು ಆ ಹಣ ಕೊಡುತ್ತೇವೆ.

ಈಗ ಒಂದು ಲೆಕ್ಕ ಹಾಕಿ. ಕಳೆದ ವಾರ ನಿಮ್ಮ ಮನೆಯಲ್ಲಿ ಯಾರು ಯಾರು, ಎಷ್ಟು ದಿನ ಆ ಪಾರ್ಕಿಗೆ ಹೋದರು? ಹೆಚ್ಚಿನ ಮನೆಗಳ ಉತ್ತರ ಒಂದೇ. ಯಜಮಾನರು ಬೆಳಿಗ್ಗೆ ವಾಕಿಂಗ್ ಮುಗಿಸಿ ಬರುತ್ತಾರೆ. ಹೆಂಡತಿ ಆ ಹೊತ್ತಿಗೆ ಡಬ್ಬಿ ಕಟ್ಟುತ್ತಿರುತ್ತಾರೆ. ಊರಿನಿಂದ ಬಂದ ಅಮ್ಮ ಟಿವಿ ಮುಂದೆ ಕೂತಿರುತ್ತಾರೆ. ಅಂದರೆ ಹಸಿರಿನ ಅಗತ್ಯ ಹೆಚ್ಚು ಇರುವವರೇ ನಾಲ್ಕು ಗೋಡೆಯ ಒಳಗೆ. ಮರಗಳಿರುವ ಬಡಾವಣೆಯ ಆರೋಗ್ಯ ವಿಳಾಸಕ್ಕೆ ಸಿಗುವುದಿಲ್ಲ, ಹೊರಗೆ ಕಾಲಿಟ್ಟವರಿಗೆ ಸಿಗುತ್ತದೆ. ನಾನು ಹೇಳಬೇಕೆಂದಿರುವುದು ಇಷ್ಟೇ.

ನಮ್ಮವರಿಗೆ ಚೆನ್ನಾಗಿ ಗೊತ್ತಿರುವ ಮಾಟುಂಗಾವನ್ನೇ ನೋಡಿ. 1926ರಲ್ಲಿ ಶುರುವಾದ ಮೈಸೂರು ಅಸೋಸಿಯೇಷನ್ ಇರುವುದು ಇಲ್ಲೇ. ಉಡುಪಿ ಹೋಟೆಲುಗಳು, ಹೂವಿನ ಅಂಗಡಿಗಳು, ನಡೆದು ಹೋಗುವಷ್ಟು ದೂರದಲ್ಲಿ ಫೈವ್ ಗಾರ್ಡನ್ಸ್, ಅಗಲವಾದ ರಸ್ತೆಗಳು, ಮೇಲೆ ಚಪ್ಪರದಂತೆ ಹರಡಿದ ಮರಗಳು. ಇದು ತಾನಾಗಿ ಬೆಳೆದದ್ದಲ್ಲ. 1896ರಲ್ಲಿ ಬೊಂಬಾಯಿಗೆ ಪ್ಲೇಗ್ ಬಂತು. ಗಾಳಿ ಬೆಳಕಿಲ್ಲದ ಇಕ್ಕಟ್ಟಾದ ಚಾಳುಗಳಲ್ಲಿ ಜನ ಸತ್ತರು. 1898ರಲ್ಲಿ ನಗರ ಸುಧಾರಣಾ ಟ್ರಸ್ಟ್ ರಚನೆಯಾಯಿತು. ಊರಿನ ಉತ್ತರಕ್ಕೆ, ದಾದರ್–ಮಾಟುಂಗಾ ಕಡೆ, ಅಗಲ ರಸ್ತೆ ಮತ್ತು ಬಯಲು ಜಾಗ ಬಿಟ್ಟು ಹೊಸ ಬಡಾವಣೆಗಳನ್ನು ಮಾಡಿದ್ದು ಆ ಟ್ರಸ್ಟ್. ನಾವು ಇಂದು "ಪಾಶ್ ಏರಿಯಾ" ಅನ್ನುವುದು ಆಗ ರೋಗಕ್ಕೆ ಹೆದರಿ ಹುಡುಕಿದ ದಾರಿ. ಗಾಳಿ, ಬೆಳಕು, ಖಾಲಿ ಜಾಗ ಶೋಕಿಗಲ್ಲ, ಆರೋಗ್ಯಕ್ಕೆ ಎಂದು ಆ ನಗರ ನೂರು ವರ್ಷಕ್ಕೂ ಹಿಂದೆಯೇ ಪೆಟ್ಟು ತಿಂದು ಕಲಿಯಿತು.

ಹಾಗಾದರೆ ಮರಗಳು ನಿಜವಾಗಿ ಏನು ಕೊಡುತ್ತವೆ? ಅರಳಿ ಮರ ರಾತ್ರಿಯೂ ಆಮ್ಲಜನಕ ಬಿಡುತ್ತದೆ ಎಂಬ ಮೆಸೇಜ್ ನಿಮಗೂ ಹತ್ತು ಸಲ ಬಂದಿರುತ್ತದೆ. ಅದು ಸರಿಯಲ್ಲ. ಬೆಳಕಿಲ್ಲದೆ ಯಾವ ಮರವೂ ಆಮ್ಲಜನಕ ತಯಾರಿಸುವುದಿಲ್ಲ. ಮರದ ನಿಜವಾದ ಉಪಕಾರ ಬೇರೆ. ನೆರಳು ಕೊಡುತ್ತದೆ, ಸುತ್ತಲಿನ ಬಿಸಿ ಇಳಿಸುತ್ತದೆ, ನಡೆಯಲು ಮನಸ್ಸು ಬರುವಂತೆ ಮಾಡುತ್ತದೆ, ತಲೆ ಹಗುರ ಮಾಡುತ್ತದೆ. 1984ರಲ್ಲಿ ಅಮೆರಿಕದ ರೋಜರ್ ಉಲ್ರಿಚ್ ಒಂದು ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸಿ ಲೇಖನ ಪ್ರಕಟಿಸಿದರು. ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಸ್ವಲ್ಪ ಬೇಗ ಮನೆಗೆ ಹೋಗಿದ್ದರು. ಅವರಿಗೆ ಬಲವಾದ ನೋವಿನ ಔಷಧಿಯೂ ಕಡಿಮೆ ಸಾಕಾಗಿತ್ತು. 2019ರಲ್ಲಿ ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ನೋಡಿದಾಗ, ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆಯುವವರು ತಮ್ಮ ಆರೋಗ್ಯ ಚೆನ್ನಾಗಿದೆ ಎಂದು ಹೇಳುವುದು ಹೆಚ್ಚು ಎಂದು ಕಂಡುಬಂತು. ಒಂದೇ ಸಲ ಹೋದರೂ ಸರಿ, ಬಿಡಿಬಿಡಿಯಾಗಿ ಹೋದರೂ ಸರಿ. ಮರ ಇದ್ದದ್ದರಿಂದಲೇ ಕಾಯಿಲೆ ವಾಸಿಯಾಯಿತು ಎಂದು ಇದರ ಅರ್ಥವಲ್ಲ. ಆದರೆ ದಿನಕ್ಕೆ ಇಪ್ಪತ್ತು ನಿಮಿಷದ ಮಾತು, ಖರ್ಚೂ ಇಲ್ಲ.

ಈಗ ಅಮ್ಮನ ವಿಷಯಕ್ಕೆ ಬರೋಣ. ಊರಲ್ಲಿ ಅವರು ದಿನಕ್ಕೆ ಹತ್ತು ಸಲ ಅಂಗಳಕ್ಕೆ ಇಳಿಯುತ್ತಿದ್ದರು. ಹೂ ಕೊಯ್ಯಲು, ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಲು, ಪಕ್ಕದ ಮನೆಯವರ ಜೊತೆ ಮಾತಾಡಲು. ಯಾರೂ ಅದನ್ನು ವ್ಯಾಯಾಮ ಎನ್ನಲಿಲ್ಲ, ಆದರೆ ಅದು ವ್ಯಾಯಾಮವೇ ಆಗಿತ್ತು. ಈಗ ಹನ್ನೆರಡನೇ ಮಹಡಿಯಲ್ಲಿ ಕೂತಿದ್ದಾರೆ. ಲಿಫ್ಟ್ ಎಂದರೆ ಅಳುಕು, ಭಾಷೆ ಬರುವುದಿಲ್ಲ. "ನೀವು ಕೆಳಗೆ ಹೋಗಿ ಬನ್ನಿ ಅಮ್ಮ" ಎಂದರೆ "ಅಲ್ಲಿ ಯಾರಿದ್ದಾರೆ ನಂಗೆ?" ಅನ್ನುತ್ತಾರೆ. ಮಂಡಿ ನೋವು ಎನ್ನುವುದು ಎಷ್ಟೋ ಸಲ ಅರ್ಧ ಕಾರಣ. ಇನ್ನರ್ಧ ಮಾತಿಗೆ ಜನವಿಲ್ಲದಿರುವುದು.

ಇದಕ್ಕೆ ಮದ್ದು ನಮ್ಮ ಕೈಯಲ್ಲೇ ಇದೆ. ನಿಮ್ಮ ಸೊಸೈಟಿಯಲ್ಲಿ, ಕನ್ನಡ ಸಂಘದಲ್ಲಿ, ಅಕ್ಕಪಕ್ಕದ ಬೀದಿಯಲ್ಲಿ ಇಂಥ ಇನ್ನೊಬ್ಬ ತಾಯಿ ಖಂಡಿತ ಇರುತ್ತಾರೆ. ಇಬ್ಬರನ್ನೂ ಸಂಜೆ ಐದೂವರೆಗೆ ಒಂದೇ ಬೆಂಚಿನ ಹತ್ತಿರ ಸೇರಿಸಿ. ಮೊದಲ ವಾರ ನೀವೋ ಮೊಮ್ಮಕ್ಕಳೋ ಜೊತೆಗೆ ಹೋಗಿ. ಆಮೇಲೆ ನೀವು ಬೇಕಾಗುವುದಿಲ್ಲ. ಮೈಸೂರಿನವರಿಗೆ ಧಾರವಾಡದವರು ಸಿಕ್ಕರೆ ಮಾತಿಗೇನು ಬರ?

ಇನ್ನು ಮನೆಯ ಗೃಹಿಣಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆಯಂಥ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಡುಗೆಮನೆಯಲ್ಲಿ ದಿನವಿಡೀ ನಿಂತದ್ದು ದಣಿವು ಕೊಡುತ್ತದೆ, ಆದರೆ ಬಿರುಸಾದ ನಡಿಗೆಯ ಬದಲಿಗೆ ಬರುವುದಿಲ್ಲ. ಬೆಳಿಗ್ಗೆ ಆರರಿಂದ ಎಂಟರವರೆಗಿನ ವಾಕಿಂಗ್ ಒಲೆ ಹಚ್ಚಬೇಕಾಗಿಲ್ಲದವರಿಗೆ ಮಾತ್ರ ಸಿಗುವ ಸೌಭಾಗ್ಯ. ಯಜಮಾನರೇ, ವಾರದಲ್ಲಿ ಮೂರು ದಿನ ಡಬ್ಬಿಯ ಕೆಲಸ ನೀವು ವಹಿಸಿಕೊಳ್ಳಿ, ಅವರು ವಾಕಿಂಗಿಗೆ ಹೋಗಲಿ. ಉಪ್ಪಿಟ್ಟು ಸ್ವಲ್ಪ ಗಂಟಾದರೂ ಪರವಾಗಿಲ್ಲ, ಯಾರೂ ಆಸ್ಪತ್ರೆ ಸೇರುವುದಿಲ್ಲ.

ಮರವಿದ್ದ ಮಾತ್ರಕ್ಕೆ ಎಲ್ಲ ಕ್ಷೇಮವೆಂದೂ ಅಲ್ಲ. ಕೆಲವು ಎಚ್ಚರಿಕೆ ಬೇಕು.

*ಚಳಿಗಾಲ:* ದೆಹಲಿಯಲ್ಲಿ, ಈಚೆಗೆ ಮುಂಬೈಯಲ್ಲೂ, ನಸುಕಿನ ಹೊಗೆ ನೆಲದ ಹತ್ತಿರವೇ ನಿಂತಿರುತ್ತದೆ. ಐದು ಗಂಟೆಯ ವಾಕಿಂಗ್ ಆಗ ಲಾಭಕ್ಕಿಂತ ನಷ್ಟ. ಬಿಸಿಲೇರಿದ ಮೇಲೆ ಹೋಗಿ. ಗಾಳಿ ತೀರಾ ಕೆಟ್ಟಿರುವ ದಿನ ಮನೆಯೊಳಗೇ ನಡೆಯಿರಿ.

*ಬೇಸಿಗೆ:* ಹೈದರಾಬಾದ್, ಚೆನ್ನೈಯವರು ಬಿಸಿಲು ಕಾಯುವ ಮೊದಲೇ ಮನೆ ಸೇರಿ.

*ಮಳೆಗಾಲ:* ಗಾಳಿ ಮಳೆಯಲ್ಲಿ ಹಳೆ ಮರದ ಕೆಳಗೆ ನಿಲ್ಲಬೇಡಿ. ಡೆಂಗಿ ಸೊಳ್ಳೆ ಕಚ್ಚುವುದು ಹಗಲಲ್ಲೇ. ಹೂಕುಂಡದ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ, ಪಾರ್ಕಿಗೆ ತುಂಬು ತೋಳಿನ ಬಟ್ಟೆ ಹಾಕಿ.

*ವಿಟಮಿನ್ ಡಿ:* ಮುಂಜಾನೆಯ ಎಳೆಬಿಸಿಲಿನಲ್ಲಿ ಅದು ಹೆಚ್ಚು ಸಿಗುವುದಿಲ್ಲ, ಗಾಜಿನ ಕಿಟಕಿಯ ಹಿಂದೆ ಕೂತರೆ ಇನ್ನೂ ಇಲ್ಲ. ಕೊರತೆ ಇದೆಯೆಂದು ಅನುಮಾನವಿದ್ದರೆ ಡಾಕ್ಟರನ್ನು ಕೇಳಿ.

"ಮಾಟುಂಗಾದವರಿಗೆ ಸರಿ, ಡೊಂಬಿವಿಲಿಯಲ್ಲಿರುವ ನಮಗೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕಾಗಿ ಸಾಲ ಮಾಡಿ ಮನೆ ಬದಲಿಸಿ ಎಂದು ಹೇಳಲಾರೆ. ಹತ್ತು ನಿಮಿಷದ ನಡಿಗೆಯಲ್ಲಿ ಒಂದು ಸಣ್ಣ ಉದ್ಯಾನ, ಕೆರೆಯ ದಂಡೆ, ದೇವಸ್ಥಾನದ ಅಂಗಳ, ನೆರಳಿರುವ ಒಂದು ರಸ್ತೆ ಇದ್ದರೂ ಸಾಕು. ಹೊಸ ಮನೆ ನೋಡುವಾಗ ಮಾತ್ರ ಬಿಲ್ಡರ್ ತೋರಿಸುವ ಚಿತ್ರ ನಂಬಬೇಡಿ. ಅಮ್ಮನ ಕೈ ಹಿಡಿದು ಪಾರ್ಕಿನವರೆಗೆ ನಡೆದು ನೋಡಿ. ರಸ್ತೆ ದಾಟಲು ಆಗುತ್ತದೆಯೇ? ಕೂರಲು ಬೆಂಚು, ಹೆಂಗಸರಿಗೆ ಶೌಚಾಲಯ, ಸಂಜೆ ದೀಪ ಇವೆಯೇ? ಗೇಟು ಯಾವಾಗ ಮುಚ್ಚುತ್ತಾರೆ? ಇಲ್ಲದಿದ್ದರೆ ಹತ್ತು ಜನ ಸೇರಿ ಮಹಾನಗರಪಾಲಿಕೆಗೆ ಅರ್ಜಿ ಕೊಡಿ. ನಾವು ಹೊರಗಿನಿಂದ ಬಂದವರು, ನಮಗೇಕೆ ಎಂಬ ಸಂಕೋಚ ಬೇಡ. ತೆರಿಗೆ ನಾವೂ ಕಟ್ಟುತ್ತೇವೆ.

ಹೃದಯದ ತೊಂದರೆ, ಉಬ್ಬಸ, ತಲೆಸುತ್ತು ಇರುವವರು ನಡಿಗೆ ಶುರುಮಾಡುವ ಮೊದಲು ವೈದ್ಯರನ್ನು ಒಮ್ಮೆ ಕೇಳಿ. 65 ದಾಟಿದವರು ಬೀಳದಂತೆ ಗಟ್ಟಿ ಚಪ್ಪಲಿ ಹಾಕಲಿ, ಬೇಕಿದ್ದರೆ ಕೋಲು ಹಿಡಿಯಲಿ. ಅದರಲ್ಲಿ ನಾಚಿಕೆಯೇನಿಲ್ಲ.

ಈ ಲೇಖನವನ್ನು ನಾಲ್ಕು ಗುಂಪಿಗೆ ಕಳಿಸಿ, ಸಂತೋಷ. ಆದರೆ ಕಳಿಸುವ ಮೊದಲು ಫೋನ್ ಕೆಳಗಿಟ್ಟು ಮನೆಯಲ್ಲಿ ಒಂದು ಮಾತು ಕೇಳಿ: "ಅಮ್ಮ, ಸಂಜೆ ಒಂದು ಸುತ್ತು ಹೋಗಿ ಬರೋಣವಾ?"