ಸಾಲ ನಮ್ಮದು, ಸವಾರಿ ಯಾರದು?



ರಾತ್ರಿ ಹತ್ತರ ಮೇಲೆ ಬೆಂಗಳೂರಿನಲ್ಲಿ ಫೋನು ಒತ್ತಿ ಕಾರು ಕರೆಸುತ್ತೀರಲ್ಲ, ಆ ಚಾಲಕನನ್ನು ಒಮ್ಮೆ ಮಾತಿಗೆಳೆಯಿರಿ. "ನಮ್ದು ಜೇವರ್ಗಿ ತಾಲೂಕ ರೀ" ಎಂದೋ, "ಆಳಂದ ಕಡಿಯವ್ರು ರೀ" ಎಂದೋ ಉತ್ತರ ಬಂದರೆ ಬೆರಗಾಗಬೇಡಿ. ತೊಗರಿ ಕೈಕೊಟ್ಟ ವರ್ಷ ಊರು ಬಿಟ್ಟು ಬಂದು ಸ್ಟಿಯರಿಂಗ್ ಹಿಡಿದ ಹುಡುಗರು ಅವರು.

ಸ್ವಂತ ಕಾರು ದಂಡ, ಹಂಚಿಕೊಂಡು ಓಡಾಡುವುದೇ ಜಾಣತನ ಎಂದು ಈಗ ನಿಮಗೆ ಪಾಠ ಹೇಳಲಾಗುತ್ತಿದೆ. ಲೆಕ್ಕವೇನೋ ಸರಿಯೇ. ಎಂಟು ಲಕ್ಷ ಸಾಲ, ನೂರಕ್ಕೆ ಹತ್ತರ ಬಡ್ಡಿ, ಐದು ವರ್ಷದ ಅವಧಿ ಎಂದಿಟ್ಟುಕೊಳ್ಳಿ. ತಿಂಗಳ ಕಂತು ೧೭ ಸಾವಿರ, ಕೊನೆಗೆ ಕಟ್ಟಿದ್ದು ೧೦ ಲಕ್ಷ ೨೦ ಸಾವಿರ. ವಿಮೆ, ತೆರಿಗೆ, ಟೈರು, ಇಂಧನ ಬೇರೆ. ಅಷ್ಟಾದರೂ ಕಾರು ದಿನದ ಬಹುಪಾಲು ನಿಂತಲ್ಲೇ ಧೂಳು ತಿನ್ನುತ್ತದೆ. ಬೇಡವೇ ಬೇಡ ಎಂದು ನೀವು ಕೈತೊಳೆದುಕೊಂಡಿರಿ. ಆದರೆ ಗೆಳೆಯರೇ, ಆ ಕಾರು ಮಾಯವಾಗಲಿಲ್ಲ! ನೀವು ಬೇಡವೆಂದ ಅದೇ ಸಾಲವನ್ನು ಅಫಜಲಪುರದ ಹುಡುಗ ತಲೆಯ ಮೇಲೆ ಹೊತ್ತಿದ್ದಾನೆ. ಕಂತು ಅವನದು, ಪರ್ಮಿಟ್ ಅವನದು, ಅಪಘಾತವಾದರೆ ಗ್ಯಾರೇಜಿನ ಬಿಲ್ಲೂ ಅವನದೇ. ಕಂಪನಿಯದು ಏನು? ಒಂದು ಆಪು.

ಹಂಚಿಕೊಂಡು ಓಡಾಡುವುದನ್ನು ನಮ್ಮವರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರೂ ಪಟ್ಟಣಗಳೊಳಗೆ ರೈಲು ನಿಲ್ದಾಣವಿಲ್ಲ. ಬಸ್ಸು ತಪ್ಪಿದರೆ ಕ್ರೂಸರ್, ಕ್ರೂಸರ್ ತಪ್ಪಿದರೆ ಟಂಟಂ. ಅಮಾವಾಸ್ಯೆಗೆ ಘತ್ತರಗಿಗೆ, ಹುಣ್ಣಿಮೆಗೆ ಗಾಣಗಾಪುರಕ್ಕೆ ಹೊರಟವರು ತೊಡೆಗೆ ತೊಡೆ ತಾಗಿಸಿಕೊಂಡು ಕೂತು ಹೋಗುವುದು ಹಂಚಿಕೆಯಲ್ಲದೆ ಮತ್ತೇನು? ಆ ಸವಾರಿ ಸುಖದ್ದೂ ಅಲ್ಲ, ಸುರಕ್ಷಿತವೂ ಅಲ್ಲ, ಅದನ್ನು ನಾವು ಹೊಗಳುತ್ತಿಲ್ಲ. ಆದರೆ ಅಲ್ಲಿ ದರ ಎಷ್ಟೆಂಬುದು ಹತ್ತುವ ಮೊದಲೇ ಗೊತ್ತು. ಜಗಳವಾದರೆ ಕನ್ನಡದಲ್ಲೇ ಆಗುತ್ತದೆ. ಗಾಡಿಯವನಿಗೆ ಒಂದು ಮುಖವಿದೆ. ಆಪಿಗೆ ಮುಖವೆಲ್ಲಿದೆ? ಐಡಿ ಬಂದ್ ಆದ ಚಾಲಕ ಯಾರ ಬಾಗಿಲು ತಟ್ಟಬೇಕು, ಯಾವ ಭಾಷೆಯಲ್ಲಿ?

ನಮ್ಮ ಚಳವಳಿಯೂ ಇಲ್ಲಿ ಎಡವಿದೆ, ಒಪ್ಪಿಕೊಳ್ಳೋಣ. ಸರೋಜಿನಿ ಮಹಿಷಿ ವರದಿ ಜಾರಿಯಾಗಲಿ ಎಂದು ದಶಕಗಟ್ಟಲೆ ಕೂಗಿದೆವು. ೨೦೧೨ರ ತಿದ್ದುಪಡಿಯಿಂದ ೩೭೧(ಜೆ) ಬಂದಾಗ ಕಲಬುರಗಿ ಭಾಗದ ಹುಡುಗರಿಗೆ ನೌಕರಿ ಸಿಕ್ಕಿತೆಂದು ಪಟಾಕಿ ಹೊಡೆದೆವು. ಎರಡೂ ನೌಕರಿಯ ಮಾತು. ಕಂಪನಿಯ ಕಾಗದದಲ್ಲಿ ಈ ಚಾಲಕ ನೌಕರನೇ ಅಲ್ಲ, 'ಪಾಲುದಾರ'! ಸಾಲದಲ್ಲಿ ಪೂರ್ತಿ ಪಾಲು, ಲಾಭದಲ್ಲಿ ಸೊನ್ನೆ. ನೌಕರಿಯೇ ಇಲ್ಲದ ಮೇಲೆ ಮೀಸಲಾತಿ ಎಲ್ಲಿಂದ?

ಇನ್ನು ಚಾಲಕನಿಲ್ಲದ ಕಾರು. ಅಮೆರಿಕದ ಫೀನಿಕ್ಸ್ ನಗರದಲ್ಲಿ ವೇಮೊ ಕಂಪನಿ ೨೦೨೦ರಲ್ಲೇ ಅದನ್ನು ಜನರಿಗೆ ಬಿಟ್ಟಿತು. ೨೦೨೪ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲೂ ಎಲ್ಲರಿಗೂ ತೆರೆಯಿತು. ಭಾರತಕ್ಕೆ ಬರಗೊಡುವುದಿಲ್ಲ, ಚಾಲಕರ ಕೆಲಸ ಹೋಗುತ್ತದೆ ಎಂದು ನಿತಿನ್ ಗಡ್ಕರಿ ೨೦೨೩ರ ಡಿಸೆಂಬರ್‌ನಲ್ಲಿ ಹೇಳಿದರು. ಒಳ್ಳೆಯ ಮಾತು, ಆದರೆ ಮಂತ್ರಿಯ ಮಾತು ಕಾನೂನಲ್ಲ. (ಕಬ್ಬು ತುಂಬಿದ ಎರಡು ಟ್ರೇಲರ್ ಎಳೆದುಕೊಂಡು, ಹಿಂದೆ ಒಂದು ದೀಪವೂ ಇಲ್ಲದೆ ಬರುವ ಟ್ರ್ಯಾಕ್ಟರನ್ನು ಅಫಜಲಪುರದ ರಸ್ತೆಯಲ್ಲಿ ಆ ಯಂತ್ರ ಹೇಗೆ ಗುರುತಿಸುತ್ತದೋ ನೋಡಬೇಕು!) ತಮಾಷೆ ಇರಲಿ, ಇಲ್ಲಿನ ಹೂಟ ಗಮನಿಸಿ. ಮನುಷ್ಯ ಬೇಕಾಗಿರುವಷ್ಟು ದಿನ ಕಾರಿನ ಖರ್ಚು ಅವನದು. ಮನುಷ್ಯ ಬೇಡವಾದ ದಿನ ಕಾರೂ ಕಂಪನಿಯದು, ಗಳಿಕೆಯೂ ಕಂಪನಿಯದು. ಐದು ವರ್ಷದ ಕಂತಿನ ನಡುವೆ ಆ ದಿನ ಬಂದರೆ ಜೇವರ್ಗಿಯ ಹುಡುಗನ ಗತಿಯೇನು?

ದಾರಿಗಳು ಇಲ್ಲದಿಲ್ಲ. ಬೆಂಗಳೂರಿನ ಆಟೋ ಚಾಲಕರ ಸಂಘದವರು ಸೇರಿ ೨೦೨೨ರಲ್ಲಿ 'ನಮ್ಮ ಯಾತ್ರಿ' ಹೊರತಂದರು. ಕನ್ನಡದಲ್ಲೂ ನಡೆಯುವ ಆಪು, ಪ್ರತಿ ಸವಾರಿಯಲ್ಲೂ ಕಮಿಷನ್ ಕೀಳುವುದಿಲ್ಲ. ೨೦೨೫ರಲ್ಲಿ ನಮ್ಮ ರಾಜ್ಯವೇ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ. ಕಂಪನಿಗಳಿಂದ ನೂರಕ್ಕೆ ಒಂದರಿಂದ ಐದರವರೆಗೆ ಕಲ್ಯಾಣ ಶುಲ್ಕ ಪಡೆಯಬಹುದು. ಕಾರಣ ಹೇಳದೆ, ೧೪ ದಿನದ ನೋಟಿಸ್ ಕೊಡದೆ ಚಾಲಕನನ್ನು ಸುಮ್ಮನೆ ತೆಗೆದುಹಾಕುವಂತಿಲ್ಲ. ಒಪ್ಪಂದ ಅವನಿಗೆ ತಿಳಿಯುವ ಸರಳ ಭಾಷೆಯಲ್ಲಿರಬೇಕು. ಆಳಂದದವನಿಗೆ ತಿಳಿಯುವ ಭಾಷೆ ಯಾವುದೆಂದು ಕಂಪನಿಗಳಿಗೆ ಬಿಡಿಸಿ ಹೇಳಬೇಕೇ?

ಆದ್ದರಿಂದ ಮುಂದಿನ ಸಲ ಕಾರು ಹತ್ತಿದಾಗ ಕೇಳಿ: "ಒಪ್ಪಂದದ ಕನ್ನಡ ಪ್ರತಿ ಕೊಟ್ಟಾರೇನು?" ಇಲ್ಲವೆಂದರೆ ಕಾರ್ಮಿಕ ಇಲಾಖೆಗೆ ಅವನ ಪರವಾಗಿ ಅರ್ಜಿ ಬರೆದುಕೊಡಿ. ಕಾನೂನು ಓದಿ ಅರ್ಥ ಮಾಡಿಕೊಳ್ಳುವಷ್ಟು ಇಂಗ್ಲಿಷ್ ನಿಮಗೆ ಬರುತ್ತದೆ. ಅರ್ಜಿ ಮಾತ್ರ ಕನ್ನಡದಲ್ಲಿರಲಿ.