ಮೊದಲ ಮುರಿತದ ಮಾತು

ಕೆರಾಡಿ ಕುಂದಾಪುರ ಸೀಮೆಯಲ್ಲಿ ಘಟ್ಟದ ತಪ್ಪಲಿನ ಹಳ್ಳಿ. ಆಷಾಢದ ಮಳೆಗೆ ಅಲ್ಲಿನ ಅಂಗಳಗಳು ಹಾವಸೆಗಟ್ಟುತ್ತವೆ. ಅಜ್ಜಿ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರೆ ಮನೆಮಂದಿ ದೂರುವುದು ಹಾವಸೆಯನ್ನು. ತಜ್ಞ ವೈದ್ಯರು ಶಂಕಿಸುವುದು ಎಲುಬನ್ನು. ನಿಂತಲ್ಲಿಂದ ಬಿದ್ದ ಮಾತ್ರಕ್ಕೆ ಗಟ್ಟಿ ಎಲುಬು ಸುಲಭವಾಗಿ ಮುರಿಯದು.

ಮುಟ್ಟು ನಿಂತ ಬಳಿಕ ಈಸ್ಟ್ರೋಜನ್ ಕುಂದಿ, ಎಲುಬು ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚುತ್ತದೆ. ನೋವೇ ಇಲ್ಲದ ಈ ಸವೆತವನ್ನು ವೈದ್ಯರು ಡೆಕ್ಸಾ ಯಂತ್ರದಿಂದ ಅಳೆಯುತ್ತಾರೆ. ಟಿ-ಅಂಕವು ಸೊನ್ನೆಯಿಂದ ಕೆಳಕ್ಕೆ 2.5 ಅಥವಾ ಅದಕ್ಕೂ ಹೆಚ್ಚು ಇಳಿದರೆ ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆಯಿತು. ಕುಗ್ಗಿದ ಎತ್ತರ, ಬಾಗಿದ ಬೆನ್ನುಗಳೂ ವೈದ್ಯರಿಗೆ ಸುಳಿವುಗಳೇ. ಥೈರಾಯ್ಡ್ ಮೊದಲಾದ ಮರೆಯ ಕಾರಣಗಳನ್ನು ಅವರು ರಕ್ತಪರೀಕ್ಷೆಯಿಂದ ಶೋಧಿಸುವರು.

ಚಿಕಿತ್ಸೆಯಲ್ಲಿ ಸುಣ್ಣದಂಶ, ಡಿ ಜೀವಸತ್ವಗಳೊಂದಿಗೆ ಹಲವರಿಗೆ ವಾರಕ್ಕೊಂದು ಅಲೆಂಡ್ರೋನೇಟ್ ಗುಳಿಗೆ. ಅದನ್ನು ಬರಿಹೊಟ್ಟೆಯಲ್ಲಿ ಲೋಟ ತುಂಬ ನೀರಿನೊಡನೆ ನುಂಗಿ, ಅರ್ಧ ಗಂಟೆಯಾದರೂ ಮಲಗಬಾರದು, ಅನ್ನನಾಳದಲ್ಲಿ ಹುಣ್ಣಾದೀತು.

ಮಣಿಕಟ್ಟು ಕೂಡಿಕೊಂಡಿತೆಂದು ಮನೆಮಂದಿ ಮರೆತರೆ ಮುಂದಿನ ಸರದಿ ಸೊಂಟದ್ದಾದೀತು. ಸೊಂಟ ಮುರಿದ ಅನೇಕ ವೃದ್ಧರು ಮತ್ತೆ ಮೊದಲಿನಂತೆ ನಡೆಯಲಾರರು. ಅಂಗಳಕ್ಕೆ ಅಡಕೆಯ ಸೋಗೆ ಹಾಸುವುದು ವಿವೇಕ. ಮೊದಲ ಮುರಿತಕ್ಕೇ ಎಲುಬನ್ನು ಪರೀಕ್ಷಿಸಿಕೊಳ್ಳುವುದು ಅದಕ್ಕಿಂತ ದೊಡ್ಡ ವಿವೇಕ.