ಬೆಳಗುವುದೆಂದರೆ ಆರತಿಯೊಂದೇ ಅಲ್ಲ

‘ಬೆಳಕು ಎಂದರೆ ಜ್ಞಾನ.’ ವಿಚಾರಸಂಕಿರಣಗಳಲ್ಲಿ ಈ ವಾಕ್ಯ ಕೇಳಿ ಕೇಳಿ ನನಗೆ ಸಾಕಾಗಿದೆ. ದೀಪ ಹಚ್ಚುವವರೂ ಇದನ್ನೇ ಹೇಳುತ್ತಾರೆ, ವಂದನಾರ್ಪಣೆ ಮಾಡುವವರೂ ಇದನ್ನೇ ಹೇಳುತ್ತಾರೆ. ‘ಬೆಳಗು’ ಪದದ ಬಗ್ಗೆ ಟಿಪ್ಪಣಿ ಬರೆದು ಹಿರಿಯ ವಿದ್ವಾಂಸರೊಬ್ಬರಿಗೆ ತೋರಿಸಿದೆ. ‘ಪಾತ್ರೆ ಬೆಳಗುವುದು’ ಎಂಬ ಸಾಲಿನ ಪಕ್ಕದಲ್ಲಿ ಅವರು ‘ಗ್ರಾಮ್ಯ, ಕೈಬಿಡಿ’ ಎಂದು ಬರೆದರು. ನಾನು ಕೈಬಿಡುವುದಿಲ್ಲ.

ನಮ್ಮ ಮಿಡಿಗೇಶಿಯಲ್ಲಿ ಈ ಪದಕ್ಕೆ ದಿನವಿಡೀ ಕೆಲಸ. ಕಣ್ಣು ಬಿಟ್ಟರೆ ‘ಬೆಳಗಾಯ್ತು’. ಗುಡಿಯಲ್ಲಿ ಆರತಿ ಬೆಳಗುತ್ತಾರೆ. ಅಮ್ಮ ಬೂದಿ, ಹುಣಸೆಹಣ್ಣು ಹಿಡಿದು ಚೊಂಬು ಬೆಳಗುತ್ತಾಳೆ. ತೆಲುಗು ಮಾತಾಡುವ ಪಕ್ಕದ ಮನೆಯಲ್ಲಿ ಬೆಳಕು ‘ವೆಲುಗು’. ಎಲ್ಲದರ ಬೇರು ಒಂದೇ: ‘ಬೆಳ್’, ಅಂದರೆ ಬಿಳುಪು. ಬಿಳಿ, ಬೆಳ್ಳಿ, ಬೆಳದಿಂಗಳು ಅದೇ ವಂಶದವು. ಅಡುಗೆಮನೆಯ ಬೆಳ್ಳುಳ್ಳಿಯೂ ಅಷ್ಟೇ, ಬೆಳ್ಳಗಿನ ಉಳ್ಳಿ. ನಸುಕಿನಲ್ಲಿ ಮೂಡುವ ಶುಕ್ರನೂ ನಮಗೆ ಬೆಳ್ಳಿಯೇ. ಈ ಬೇರಿನಲ್ಲಿ ಜ್ಞಾನವೂ ಇಲ್ಲ, ದೇವರೂ ಇಲ್ಲ. ಕಣ್ಣಿಗೆ ಕಾಣುವ ಬಿಳುಪು ಇದೆ. ಆ ಲೆಕ್ಕದಲ್ಲಿ, ಮಸಿ ಹಿಡಿದ ಪಾತ್ರೆಯನ್ನು ಉಜ್ಜಿ ಹೊಳಪು ತರುವವಳು ವೇದಿಕೆಯ ಭಾಷಣಕಾರರಿಗಿಂತ ಈ ಪದಕ್ಕೆ ಹತ್ತಿರದವಳು.

ಬೆಳಕಿಗೆ ಜ್ಞಾನವೆಂಬ ಅರ್ಥವೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಅದು ಕೊಂಬೆ, ಬೇರಲ್ಲ. ನನ್ನ ತಕರಾರು ಬೇರೆ. ಆರತಿಯ ‘ಬೆಳಗು’ ಶಿಷ್ಟ, ಪಾತ್ರೆಯ ‘ಬೆಳಗು’ ಗ್ರಾಮ್ಯ ಎಂದು ಗೆರೆ ಎಳೆದವರು ಯಾರು? ಕ್ರಿಯಾಪದ ಒಂದೇ. ವ್ಯತ್ಯಾಸ ಇರುವುದು ಕೆಲಸ ಮಾಡುವ ಕೈಗಳಲ್ಲಿ. ಆ ಕೈಗಳನ್ನು ಮರೆಸಲು ವ್ಯಾಕರಣದ ಮಾತು ಬಳಸುತ್ತೇವೆ, ಅಷ್ಟೇ. ಆರತಿ ತಟ್ಟೆಯನ್ನೂ ಮೊದಲು ಯಾರೋ ಬೆಳಗಿರುತ್ತಾರಲ್ಲ!

ಇದು ಹಳೆಯ ಕಾಲದ ಮಾತೂ ಅಲ್ಲ. ಹತ್ತಿರದ ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ನಾಡಿಗೆ ಬೆಳಕು ಕೊಡುವ ಜಾಗ ಎಂದು ಹೊಗಳುತ್ತೇವೆ. ಆದರೆ ಫಲಕಗಳ ಮೇಲೆ ಧೂಳು ಕೂತರೆ ವಿದ್ಯುತ್ ಕಡಿಮೆಯಾಗುತ್ತದೆ. ಅವನ್ನು ತೊಳೆದು ಒರೆಸುತ್ತಲೇ ಇರಬೇಕು. ಅಲ್ಲಿಯೂ ಬೆಳಗಿದರೆ ಮಾತ್ರ ಬೆಳಕು.

ಪದಗಳ ಬೆನ್ನು ಹತ್ತಿದ ಗೆಳೆಯರಲ್ಲಿ ಒಂದು ಮಾತು. ನಿಘಂಟು ನೋಡಿ, ಶಾಸನ ನೋಡಿ, ಹಾಗೆಯೇ ಪಾತ್ರೆ ತೊಳೆಯುವ ಕಲ್ಲಿನ ಹತ್ತಿರವೂ ಸ್ವಲ್ಪ ಹೊತ್ತು ಕೂತುಕೊಳ್ಳಿ. ಅಲ್ಲಿ ಸಿಕ್ಕ ಅರ್ಥವನ್ನು ಗ್ರಾಮ್ಯವೆಂದು ಕೆಳಗಿಡಬೇಡಿ. ನನ್ನ ಪ್ರಬಂಧದಲ್ಲಿ ‘ಬೆಳಗು’ ಪದದ ಕೆಳಗೆ ಅಮ್ಮನ ಚೊಂಬು ಆರತಿಯ ಪಕ್ಕದಲ್ಲೇ ಇರುತ್ತದೆ.